ಒಂದು ಕಿಲೋ ಉಕ್ಕನ್ನೂ ಆಮದು ಮಾಡದ ನನಗೆ ಆಮದು ಸುಂಕದ ಬಿಸಿ ತಟ್ಟಿದ್ದು ಹೇಗೆ?

ಪ್ರಶ್ನೆ: ಪ್ಯಾನೆಲ್ ಬಾಕ್ಸ್, ಪೀಣ್ಯ

ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ವಿದ್ಯುತ್ ಪ್ಯಾನೆಲ್‌ಗಳಿಗೆ ಬೇಕಾಗುವ ಶೀಟ್ ಮೆಟಲ್ ಬಾಕ್ಸ್ ಮಾಡುತ್ತೇವೆ. ಒಂದು ಶಿಯರಿಂಗ್ ಮಷಿನ್, ಎರಡು ಪ್ರೆಸ್ ಬ್ರೇಕ್, ಮೂರು ವೆಲ್ಡಿಂಗ್ ಸೆಟ್. ಪೌಡರ್ ಕೋಟಿಂಗ್ ಹೊರಗೆ ಮಾಡಿಸುತ್ತೇವೆ. ನನ್ನನ್ನೂ ಸೇರಿಸಿ ಹದಿನಾಲ್ಕು ಜನ. ಅಪ್ಪ ಶುರು ಮಾಡಿದ್ದು, ಒಂಬತ್ತು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ.

2025ರ ನವೆಂಬರ್ ಮೂರನೇ ವಾರ ನಮ್ಮ ಹಳೆಯ ಗಿರಾಕಿಯೊಬ್ಬರು 640 ಬಾಕ್ಸ್‌ಗೆ ಕೊಟೇಶನ್ ಕೇಳಿದರು. 1.6 ಮತ್ತು 2 ಎಂಎಂ ಸಿಆರ್ ಶೀಟ್ (ಕೋಲ್ಡ್ ರೋಲ್ಡ್, ಅಂದರೆ ಬಿಸಿ ಮಾಡದೆ ಉರುಳಿಸಿದ ಉಕ್ಕಿನ ತಗಡು), ವೇಸ್ಟೇಜ್ ಸೇರಿ ಸುಮಾರು 18 ಟನ್. ನಾನು ಸುಮ್ಮನೆ ಕಣ್ಣು ಮುಚ್ಚಿ ರೇಟ್ ಹಾಕುವವಳಲ್ಲ. ಪತ್ರಿಕೆ ಓದುತ್ತೇನೆ, ಡೀಲರ್‌ಗೆ ಫೋನ್ ಮಾಡುತ್ತೇನೆ. ಆಮದು ಉಕ್ಕಿನ ಮೇಲೆ 12% ಸುಂಕ ಹಾಕಿದ್ದು 2025ರ ಏಪ್ರಿಲ್ 21ಕ್ಕೆ, ಅದೂ 200 ದಿನಕ್ಕೆ ಮಾತ್ರ ಅಂತ ಗೊತ್ತಿತ್ತು. ಕ್ಯಾಲೆಂಡರ್ ಹಿಡಿದು ಎಣಿಸಿದೆ, ನವೆಂಬರ್ 6ಕ್ಕೆ ಮುಗಿದಿತ್ತು. ಮುಂದುವರಿಸಿದ ಸುದ್ದಿ ಇರಲಿಲ್ಲ. ಡೀಲರ್ ಕೂಡ ‘ಮಾರ್ಕೆಟ್ ಸಪ್ಪಗಿದೆ ಮೇಡಂ, ಸದ್ಯಕ್ಕೆ ಏರಲ್ಲ’ ಅಂದರು. ಮಾರ್ಚ್‌ವರೆಗೆ ಒಂದೇ ದರ ಅಂತ ಬರೆದು ಸಹಿ ಹಾಕಿ ಕೊಟ್ಟೆ.

ಡಿಸೆಂಬರ್‌ನಲ್ಲಿ 5 ಟನ್ ಹಳೆಯ ದರಕ್ಕೇ ಸಿಕ್ಕಿತು. ಡಿಸೆಂಬರ್ 30ಕ್ಕೆ ಹಣಕಾಸು ಸಚಿವಾಲಯದ ಅಧಿಸೂಚನೆ ಬಂತು: ಮೂರು ವರ್ಷ ಸುಂಕ, ಮೊದಲ ವರ್ಷ 12%, ಆಮೇಲೆ 11.5%, ಕೊನೆಗೆ 11%. ಉಳಿದ 13 ಟನ್ ಕೊಳ್ಳಲು ಹೋದಾಗ ನನ್ನ ಕೊಟೇಶನ್ ದರಕ್ಕಿಂತ ಟನ್ನಿಗೆ 3,500 ರೂಪಾಯಿ ಹೆಚ್ಚು. ಒಟ್ಟು 45,500 ರೂಪಾಯಿ. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲದ ಮೊತ್ತ. ನಮ್ಮಲ್ಲಿ ಇಬ್ಬರು ವೆಲ್ಡರ್‌ಗಳ ತಿಂಗಳ ಸಂಬಳ.

ನನ್ನನ್ನು ಕಾಡುತ್ತಿರುವ ವಿಷಯ ಇದು. ನಾನು ಕೊಂಡ ಶೀಟ್ ಚೀನಾದ್ದಲ್ಲ, ಕೊರಿಯಾದ್ದಲ್ಲ. ಕಾಯಿಲ್ (ಶೀಟ್ ಸುರುಳಿ) ಮೇಲಿನ ಚೀಟಿಯಲ್ಲಿ ನಮ್ಮ ದೇಶದ ಕಾರ್ಖಾನೆಯ ಹೆಸರೇ ಇತ್ತು. ಬಂದರಿಗೆ ಬಾರದ ಮಾಲಿನ ಬೆಲೆ ಬಂದರಿನ ಸುಂಕದಿಂದ ಏಕೆ ಏರಬೇಕು? ಇನ್ನೊಂದು, ಇದೇ ಅಳತೆಯ ಬಾಕ್ಸ್ ಹೊರದೇಶದಲ್ಲಿ ತಯಾರಾಗಿ ಇಲ್ಲಿಗೆ ಬಂದರೆ ಅದಕ್ಕೆ ಈ 12% ಇಲ್ಲವಂತೆ. ಹಾಗಾದರೆ ಶೀಟ್‌ಗೆ ರಕ್ಷಣೆ ಇದೆ, ಶೀಟ್ ಮಡಚಿ ಬಾಕ್ಸ್ ಮಾಡುವವರಿಗೆ ಇಲ್ಲ ಎಂದಾಯಿತಲ್ಲ?

ಆ್ಯಂಟಿ ಡಂಪಿಂಗ್ ಸುಂಕದ ನಿರ್ಧಾರ ಯಾರು ಮಾಡುತ್ತಾರೆ, ಯಾವ ಹಂತದಲ್ಲಿ ನಮ್ಮಂಥವರ ಮಾತಿಗೆ ಜಾಗ ಇದೆ ಅಂತ ತಿಳಿದವರು ಹೇಳಿ. ದೇಶದ ಉಕ್ಕಿನ ಕಾರ್ಖಾನೆಗಳು ಮುಚ್ಚಲಿ ಅನ್ನುವುದು ನನ್ನ ಆಸೆ ಖಂಡಿತ ಅಲ್ಲ. ಅವು ನಿಂತರೆ ನಾಳೆ ನನಗೆ ಶೀಟ್ ಕೊಡುವವರು ಯಾರು?

ಉತ್ತರ: ಕಸ್ಟಮ್ಸ್ ಬ್ರೋಕರ್

ಮೇಡಂ, ಮೊದಲು ಒಂದು ತಿದ್ದುಪಡಿ. ನಿಮಗೆ ತಟ್ಟಿದ್ದು ಆ್ಯಂಟಿ ಡಂಪಿಂಗ್ ಸುಂಕ ಅಲ್ಲ, ಸೇಫ್‌ಗಾರ್ಡ್ ಸುಂಕ. ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಅನ್ನುವಂತೆ ಬರೆಯುತ್ತಾರೆ. ಎರಡೂ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯಲ್ಲೇ ಇವೆ, ಸೇಫ್‌ಗಾರ್ಡ್ 8ಬಿ ಸೆಕ್ಷನ್, ಆ್ಯಂಟಿ ಡಂಪಿಂಗ್ 9ಎ. ಆದರೆ ಹುಟ್ಟುವ ಕಾರಣ ಬೇರೆ.

ಸೇಫ್‌ಗಾರ್ಡ್‌ಗೆ ಯಾರೂ ತಪ್ಪು ಮಾಡಿರಬೇಕಿಲ್ಲ. ಆಮದು ಇದ್ದಕ್ಕಿದ್ದಂತೆ ಏರಿ ಇಲ್ಲಿನ ಉದ್ಯಮಕ್ಕೆ ಗಂಭೀರ ಹಾನಿ ಆಗುತ್ತಿದೆ ಎಂದು ತೋರಿಸಿದರೆ ಸಾಕು. 2024-25ರಲ್ಲಿ ಭಾರತಕ್ಕೆ ಬಂದ ಸಿದ್ಧ ಉಕ್ಕು ಸುಮಾರು 95 ಲಕ್ಷ ಟನ್, ಒಂಬತ್ತು ವರ್ಷದಲ್ಲೇ ಹೆಚ್ಚು. ಚೀನಾ 2024ರಲ್ಲಿ ಪ್ರಪಂಚಕ್ಕೆಲ್ಲ ಕಳಿಸಿದ್ದು 11 ಕೋಟಿ ಟನ್ ದಾಟಿತ್ತು. ಸೇಫ್‌ಗಾರ್ಡ್ ಒಂದು ವರ್ಷಕ್ಕಿಂತ ಹೆಚ್ಚು ನಡೆದರೆ ಮೆಲ್ಲಗೆ ಇಳಿಯುತ್ತಾ ಹೋಗಬೇಕು ಅನ್ನುವುದು ನಿಯಮ, ಅದಕ್ಕೇ 12, 11.5, 11 ಎಂಬ ಮೆಟ್ಟಿಲು.

ಆ್ಯಂಟಿ ಡಂಪಿಂಗ್ ಹಾಗಲ್ಲ. ಒಂದು ದೇಶದ ಕಂಪನಿ ತನ್ನ ಮನೆಯಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಇಲ್ಲಿಗೆ ಕಳಿಸುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಬೇಕು. ಅಗ್ಗವಾಗಿ ಬಂದದ್ದೆಲ್ಲ ಡಂಪಿಂಗ್ ಅಲ್ಲ. ಅವರ ಊರಲ್ಲೂ ಅಷ್ಟೇ ಅಗ್ಗವಿದ್ದರೆ ಕೇಸು ನಿಲ್ಲುವುದಿಲ್ಲ. ಸುಂಕವೂ ದೇಶ ನೋಡಿ, ಕಂಪನಿ ನೋಡಿ ಬೇರೆ ಬೇರೆ. ವಿಯೆಟ್ನಾಂನ ಹಾಟ್ ರೋಲ್ಡ್ (ಎಚ್‌ಆರ್, ಕಾಯಿಸಿ ಉರುಳಿಸಿದ) ಉಕ್ಕಿಗೆ 2025ರ ಆಗಸ್ಟ್‌ನಲ್ಲಿ ಟನ್ನಿಗೆ 121.55 ಡಾಲರ್ ಸುಂಕದ ಶಿಫಾರಸು ಆಯಿತು. ಅದರಲ್ಲೇ ಅಲ್ಲಿನ ಒಂದು ದೊಡ್ಡ ಕಂಪನಿಗೆ ಶೂನ್ಯ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಮ್ಮ ಕಾರ್ಖಾನೆಗಳು ದರ ನಿಗದಿ ಮಾಡುವಾಗ ತಮ್ಮ ಖರ್ಚು ಮಾತ್ರ ನೋಡುವುದಿಲ್ಲ, ‘ಗಿರಾಕಿ ಇದನ್ನೇ ಹೊರಗಿನಿಂದ ತರಿಸಿದರೆ ಎಷ್ಟು ಬೀಳುತ್ತದೆ’ ಅಂತ ನೋಡುತ್ತವೆ. ಹೊರಗಿನ ಸಿಆರ್ ಕಾಯಿಲ್ ಬಂದರಿಗೆ 600 ಡಾಲರ್‌ಗೆ ಬಂತು ಅಂದುಕೊಳ್ಳಿ. 12% ಅಂದರೆ 72 ಡಾಲರ್, ರೂಪಾಯಿಯಲ್ಲಿ ಆರು ಸಾವಿರದ ಮೇಲೆ. ಆಮದು ಮಾಲು ಅಷ್ಟು ದುಬಾರಿಯಾದರೆ ಇಲ್ಲಿನ ಕಾರ್ಖಾನೆಗೂ ಅಷ್ಟರವರೆಗೆ ಏರಿಸಲು ಜಾಗ ಸಿಕ್ಕಿತು. ಇಲ್ಲಿನವರಲ್ಲೇ ಪೈಪೋಟಿ ಇರುವುದರಿಂದ ಪೂರ್ತಿ ಏರಿಸುವುದಿಲ್ಲ. ನಿಮಗೆ ಬಿದ್ದ 3,500 ಆ ಜಾಗದ ಒಂದು ಭಾಗ. ಬಂದರಿಗೆ ಬಾರದ ಮಾಲಿಗೂ ಬಂದರಿನ ದರ ಅಂಟುವುದು ಹೀಗೆ.

ಇನ್ನು ಈ ಸುಂಕಕ್ಕೊಂದು ಗೆರೆ ಇದೆ. 2025ರ ಏಪ್ರಿಲ್ ಅಧಿಸೂಚನೆಯಲ್ಲಿ ಹಾಟ್ ರೋಲ್ಡ್ ಕಾಯಿಲ್‌ಗೆ ಟನ್ನಿಗೆ 675 ಡಾಲರ್, ಕೋಲ್ಡ್ ರೋಲ್ಡ್‌ಗೆ 824 ಡಾಲರ್. ಆ ಬೆಲೆಗೆ ಅಥವಾ ಅದಕ್ಕಿಂತ ಹೆಚ್ಚಿಗೆ ಬಂದ ಮಾಲಿಗೆ ಸೇಫ್‌ಗಾರ್ಡ್ ಇಲ್ಲ. ಸ್ಟೇನ್‌ಲೆಸ್ ಕೂಡ ಇದರ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ‘ಸ್ಟೀಲ್ ಮೇಲೆ ಸುಂಕ’ ಎಂಬ ತಲೆಬರಹ ಓದಿ ನಿರ್ಧಾರಕ್ಕೆ ಬರಬೇಡಿ. ಅಧಿಸೂಚನೆಯ ಕೋಷ್ಟಕದಲ್ಲಿ ನಿಮ್ಮ ಮಾಲಿನ ಕೋಡ್ ಹುಡುಕಿ: ಅಗಲದ ಎಚ್‌ಆರ್‌ಗೆ 7208, ಸಿಆರ್‌ಗೆ 7209, ಜಿಪಿ ಶೀಟ್‌ಗೆ (ಸತು ಲೇಪಿಸಿದ್ದು) 7210.

ಬಾಕ್ಸ್‌ಗೆ ಸುಂಕವಿಲ್ಲ ಅಂದಿರಲ್ಲ, ಅದು ನಿಜ. ಬಾಕ್ಸ್‌ನ ಕೋಡ್ ಬೇರೆ, ಈ ಅಧಿಸೂಚನೆ ಅದನ್ನು ಮುಟ್ಟುವುದಿಲ್ಲ. ಮಾಮೂಲಿ ಕಸ್ಟಮ್ಸ್ ಸುಂಕ ಕಟ್ಟಿದರೆ ಬಾಕ್ಸ್ ಬಂದರಿನಿಂದ ಹೊರಗೆ ಬರುತ್ತದೆ. ಈ ನೋವಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ: ರೋಲಿಂಗ್ ಮಿಲ್ಲಿನ ಹಳಬ, ಬಳ್ಳಾರಿ ಕಡೆ

ನೋಡಮ್ಮಾ, ನಾನು 31 ವರ್ಷ ಒಂದು ರೋಲಿಂಗ್ ಮಿಲ್ಲಿನ ಶಾಪ್ ಫ್ಲೋರಿನಾಗ ಇದ್ದವನು. ಈಗ ರಿಟೈರ್ಡ್. ನಿನ್ನ ಸಂಕಟ ಓದಿ ಬೇಜಾರಾತು. ಆದರ ಆ ಕಡೆಯ ಮಾತೂ ಒಂದಿಷ್ಟು ಕೇಳು.

2015ನೇ ಇಸವಿ ಕೊನೆಗೆ ನಮ್ಮ ಯಾರ್ಡಿನಾಗ ಕಾಯಿಲ್ ಮೇಲೆ ಕಾಯಿಲ್ ಪೇರಿಸಿ ಇಟ್ಟಿದ್ರು, ಕ್ರೇನ್ ಆಡಾಕ ಜಾಗ ಇರಲಿಲ್ಲ. ಕೊಳ್ಳೋರಿಲ್ಲ. ಹೊರಗಿನ ಮಾಲು ನಾವು ಉರುಳಿಸೋ ಖರ್ಚಿಗಿಂತ ಕಮ್ಮಿಗೆ ಬರ್ತಿತ್ತು. ಮೂರು ಪಾಳಿ ಎರಡಾತು. ಪರ್ಮನೆಂಟ್ ನಮಗ ಸಂಬಳ ನಿಲ್ಲಲಿಲ್ಲ, ಕಾಂಟ್ರಾಕ್ಟ್ ಹುಡುಗರಿಗೆ ಗೇಟಿನಾಗ ‘ಮುಂದಿನ ವಾರ ಬರ್ರಿ’ ಅಂದ್ರು. ಮುಂದಿನ ವಾರನೂ ಅದ ಮಾತು. ನನ್ನ ಕೈಕೆಳಗ ಆರು ವರ್ಷ ರೋಲ್ ಬದಲಿಸೋ ಕೆಲಸ ಮಾಡಿದ ಹುಡುಗ ಊರಿಗೆ ಹೋಗಿ ಟ್ರ್ಯಾಕ್ಟರ್ ಓಡಿಸಾಕ ನಿಂತ. ಬಾಯಿ ಮಾತಿನಿಂದ ಬರೋ ಕೆಲಸ ಅಲ್ಲ ಅದು. ರೋಲಿನ ಸಪ್ಪಳ ಕೇಳಿ ಎಲ್ಲಿ ತಪ್ಪಾಗ್ಯದ ಅಂತ ಹೇಳ್ತಿದ್ದ. ಅವ ತಿರುಗಿ ಬರಲೇ ಇಲ್ಲ.

ಆವಾಗ ಸರಕಾರ ಏನೇನು ಮಾಡ್ತು ಅಂತ ನನಗ ಚೆನ್ನಾಗಿ ನೆನಪದ. 2015ರ ಸೆಪ್ಟೆಂಬರಿನಾಗ ಎಚ್‌ಆರ್ ಕಾಯಿಲ್ ಮೇಲೆ 20% ಸೇಫ್‌ಗಾರ್ಡ್. ಅದು ಸಾಲದು ಅಂತ 2016ರ ಫೆಬ್ರವರಿಗೆ 173 ಬಗೆ ಉಕ್ಕಿಗೆ ಕನಿಷ್ಠ ಆಮದು ಬೆಲೆ, 341ರಿಂದ 752 ಡಾಲರ್ ತನಕ, ಅದಕ್ಕಿಂತ ಕೆಳಗ ತರಂಗಿಲ್ಲ. ಅದೇ ಆಗಸ್ಟಿಗೆ ಚೀನಾ, ಜಪಾನ್, ಕೊರಿಯಾ, ರಷ್ಯಾ, ಬ್ರೆಜಿಲ್, ಇಂಡೋನೇಷ್ಯಾ ಆರು ದೇಶದ ಹಾಟ್ ರೋಲ್ಡ್ ಮೇಲೆ ತಾತ್ಕಾಲಿಕ ಆ್ಯಂಟಿ ಡಂಪಿಂಗ್, 2017ರ ಮೇ ತಿಂಗಳಾಗ ಅದ ಕಾಯಂ. ಅದಾದ ಮೇಲೆ ಯಾರ್ಡ್ ಖಾಲಿ ಆತು, ಮೂರನೇ ಪಾಳಿ ಸೈರನ್ ಮತ್ತ ಕೇಳಿಸ್ತು. ಸುಂಕ ಒಂದರಿಂದಲೇ ಆತು ಅಂತ ನಾನು ಹೇಳಂಗಿಲ್ಲ, ಪ್ರಪಂಚದಾಗ ರೇಟೂ ಏರಿತ್ತು. ಆದರ ಆ ಆರೆಂಟು ತಿಂಗಳು ಉಸಿರು ಹಿಡಿಯಾಕ ಸುಂಕ ಬೇಕಾಗಿತ್ತು.

ಹಂಗಂತ ಕಾರ್ಖಾನೆಯವರ ಮಾತೇ ಯಾವಾಗಲೂ ನಡೀತದ ಅನ್ನಬ್ಯಾಡ. 2021ರ ಬಜೆಟ್ಟಿನಾಗ ರೇಟು ಮುಗಿಲು ಮುಟ್ಟಿದಾಗ ಕೆಲವು ಉಕ್ಕಿನ ಮೇಲಿನ ಆ್ಯಂಟಿ ಡಂಪಿಂಗ್ ಸುಂಕ ತಾತ್ಕಾಲಿಕವಾಗಿ ತೆಗೆದ್ರು, 2022ರ ಬಜೆಟ್ಟಿಗೆ ಪೂರ್ತಿ ರದ್ದು ಮಾಡಿದ್ರು. ಅದೇ ವರ್ಷ ಮೇ ತಿಂಗಳಾಗ ರಫ್ತಿನ ಮೇಲೆ 15% ಹಾಕಿ, ನವೆಂಬರಿಗೆ ತೆಗೆದ್ರು. ಆವಾಗ ನಮ್ಮ ಮಿಲ್ಲಿನವರು ತಲಿ ಮ್ಯಾಲೆ ಕೈ ಹೊತ್ತು ಕುಂತಿದ್ರು.

ಪ್ಯಾನೆಲ್ ಬಾಕ್ಸ್, ಪೀಣ್ಯ

ಅಣ್ಣ, ಆ ಹುಡುಗನ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕುಳಿತೆ. ನಮ್ಮಲ್ಲೂ ಅಂಥವರೊಬ್ಬರು ಇದ್ದಾರೆ. 1.2 ಎಂಎಂ ಶೀಟ್ ಮಡಚುವಾಗ ಎಷ್ಟು ಡಿಗ್ರಿ ಹಿಂದಕ್ಕೆ ಸೆಟೆಯುತ್ತದೆ ಅಂತ ಕೈಯಲ್ಲಿ ಮುಟ್ಟಿ ಹೇಳುತ್ತಾರೆ. ಅವರನ್ನು ಕಳೆದುಕೊಳ್ಳುವ ಹೆದರಿಕೆಯಿಂದಲೇ ನಾನು ಇಲ್ಲಿ ಬರೆಯಲು ಕುಳಿತದ್ದು. ಉಕ್ಕಿನ ಕಾರ್ಖಾನೆಯ ಪಾಳಿ ನಿಂತರೆ ಊರಿಗೆಲ್ಲ ಗೊತ್ತಾಗುತ್ತದೆ. ನಮ್ಮಂಥ ಶೆಡ್‌ನಲ್ಲಿ ಇಬ್ಬರು ಕಡಿಮೆಯಾದರೆ ಪಕ್ಕದ ಶೆಡ್‌ನವರಿಗೂ ಗೊತ್ತಾಗುವುದಿಲ್ಲ.

ಬ್ರೋಕರ್ ಸರ್, 3,500ರ ಲೆಕ್ಕ ಈಗ ಅರ್ಥವಾಯಿತು. ನನ್ನ ಅಸಮಾಧಾನ ಸುಂಕ ಇದೆ ಎನ್ನುವುದಕ್ಕಲ್ಲ. ನವೆಂಬರ್ 6ರಿಂದ ಡಿಸೆಂಬರ್ 30ರವರೆಗೆ ಇದೆಯೋ ಇಲ್ಲವೋ, ಬರುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆ ಇದ್ದೆವಲ್ಲ, ಆ ಐವತ್ತು ಚಿಲ್ಲರೆ ದಿನ ನಮ್ಮನ್ನು ಹೊಡೆಯಿತು. 12% ಇರುತ್ತದೆ ಅಂತ ಗೊತ್ತಿದ್ದರೆ ನಾನು ಅದನ್ನು ಸೇರಿಸಿಯೇ ರೇಟ್ ಹಾಕುತ್ತಿದ್ದೆ. ಆರ್ಡರ್ ಸಿಗಲಿ, ಬಿಡಲಿ.

ಆದರೆ ಒಂದು ಇನ್ನೂ ಉಳಿಯಿತು. ಇಂಥ ಸುಂಕ ಹಾಕುವ ಮೊದಲು ನಡೆಯುವ ತನಿಖೆಯಲ್ಲಿ ಉಕ್ಕು ಕೊಳ್ಳುವವರನ್ನು ಕೇಳುವ ಪದ್ಧತಿ ಇದೆಯೇ?

ಉತ್ತರ: ಕಾಸ್ಟ್ ಅಕೌಂಟೆಂಟ್

ಇದೆ ಮೇಡಂ. ಬಳಸಿಕೊಳ್ಳುವವರು ಬಹಳ ಕಡಿಮೆ. ನಾನು ಅರ್ಜಿದಾರರ ಪರವಾಗಿಯೂ ಬಳಕೆದಾರರ ಪರವಾಗಿಯೂ ಕಾಗದ ಸಿದ್ಧ ಮಾಡಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ.

ತನಿಖೆ ನಡೆಸುವುದು ವಾಣಿಜ್ಯ ಸಚಿವಾಲಯದ ಡಿಜಿಟಿಆರ್ (ಡೈರೆಕ್ಟರೇಟ್ ಜನರಲ್ ಆಫ್ ಟ್ರೇಡ್ ರೆಮಿಡೀಸ್). 2018ರ ಮೇ ತಿಂಗಳಲ್ಲಿ ಈ ಹೆಸರಿನಿಂದ ರೂಪುಗೊಂಡಿತು. ಇದು ಶಿಫಾರಸು ಮಾತ್ರ ಮಾಡುತ್ತದೆ. ಸುಂಕ ಹಾಕುವುದು ಹಣಕಾಸು ಸಚಿವಾಲಯ, ಆ್ಯಂಟಿ ಡಂಪಿಂಗ್‌ನಲ್ಲಾದರೆ ಶಿಫಾರಸು ಬಂದ ಮೂರು ತಿಂಗಳೊಳಗೆ. ಹಾಕಲೇಬೇಕು ಎಂದೇನಿಲ್ಲ. 2020ರ ನಂತರ ಅನೇಕ ಶಿಫಾರಸುಗಳನ್ನು ಅದು ಒಪ್ಪಲಿಲ್ಲ. ಆದ್ದರಿಂದ ಡಿಜಿಟಿಆರ್ ವರದಿ ಬಂದ ದಿನವೇ ಸುಂಕ ಬಂತು ಅಂತ ದರ ಏರಿಸುವ ಡೀಲರ್ ಮಾತನ್ನು ಹಾಗೇ ನಂಬಬೇಡಿ. ಆ್ಯಂಟಿ ಡಂಪಿಂಗ್ ಸುಂಕ ಒಮ್ಮೆ ಬಂದರೆ ಐದು ವರ್ಷ, ಮರುಪರಿಶೀಲನೆ ಆಗಿ ಮುಂದುವರಿಯಲೂಬಹುದು.

ಆ್ಯಂಟಿ ಡಂಪಿಂಗ್ ಅರ್ಜಿ ಹಾಕಲು ಕೂಡ ಶರತ್ತು ಇದೆ. ಅರ್ಜಿಯನ್ನು ಬೆಂಬಲಿಸುವವರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ 25%ಕ್ಕೆ ಕಡಿಮೆ ಇರಬಾರದು, ವಿರೋಧಿಸುವ ಉತ್ಪಾದಕರಿಗಿಂತ ಹೆಚ್ಚಿರಬೇಕು. ಉಕ್ಕಿನಲ್ಲಿ ನಾಲ್ಕೈದು ದೊಡ್ಡ ಕಂಪನಿ ಕೂಡಿದರೆ ಇದು ಮುಗಿಯಿತು. ಬಳಕೆದಾರರು ಮಾತ್ರ ಸಾವಿರಾರು ಶೆಡ್‌ಗಳಲ್ಲಿ ಚದುರಿದ್ದಾರೆ. ಇಡೀ ವ್ಯವಸ್ಥೆ ಒಂದು ಕಡೆಗೆ ವಾಲುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಕಾನೂನು ಬಾಗಿಲು ಹಾಕಿಲ್ಲ, ಬಾಗಿಲವರೆಗೆ ಬರಲು ನಮಗೆ ಪುರುಸೊತ್ತಿಲ್ಲ.

ಆ್ಯಂಟಿ ಡಂಪಿಂಗ್ ಸುಂಕದ ಮೊತ್ತಕ್ಕೂ ಒಂದು ಕಡಿವಾಣ ಇದೆ, ಅದನ್ನು ನಿಮ್ಮಂಥವರು ತಿಳಿದಿರಬೇಕು. ಲೆಕ್ಕಕ್ಕೆ ಹೇಳುತ್ತೇನೆ. ಹೊರಗಿನ ಕಂಪನಿ ತನ್ನ ದೇಶದಲ್ಲಿ 560 ಡಾಲರ್‌ಗೆ ಮಾರಿ, ಇಲ್ಲಿಗೆ 500ಕ್ಕೆ ಕಳಿಸುತ್ತದೆ. ಡಂಪಿಂಗ್ ಅಂತರ 60. ಇಲ್ಲಿನ ಕಾರ್ಖಾನೆಗೆ ನಷ್ಟವಾಗದ ನ್ಯಾಯವಾದ ಬೆಲೆ 540 ಎಂದು ಡಿಜಿಟಿಆರ್ ಲೆಕ್ಕ ಹಾಕುತ್ತದೆ. ಆಮದು ಮಾಲು ಇಲ್ಲಿ ಇಳಿದಾಗ ಮಾಮೂಲಿ ಕಸ್ಟಮ್ಸ್ ಸುಂಕವೂ ಸೇರಿ ಬೀಳುವ ಬೆಲೆ 520. ಹಾನಿಯ ಅಂತರ 20. ಎರಡರಲ್ಲಿ ಕಡಿಮೆ ಯಾವುದೋ ಅದೇ ಸುಂಕ, ಅಂದರೆ 20. ಡಂಪಿಂಗ್ ಅಂತರ 2%ಕ್ಕಿಂತ ಕಡಿಮೆಯಾದರೆ ಕೇಸೇ ಇಲ್ಲ. ಈ 540ರ ಲೆಕ್ಕದಲ್ಲಿ ಹುಳುಕಿದೆಯೇ ಎಂದು ಕೇಳುವ ಹಕ್ಕು ಬಳಕೆದಾರರಿಗೂ ಇದೆ. ಹತ್ತು ಡಾಲರ್ ಇಳಿದರೂ ನಿಮಗೆ ಲಾಭ.

ಅಣ್ಣ ಹೇಳಿದ 2016-17ರ ಸುಂಕ ಇನ್ನೊಂದು ಬಗೆಯದು. 478ರಿಂದ 561 ಡಾಲರ್ ಎಂದು ಪತ್ರಿಕೆಗಳು ಬರೆದಾಗ ಎಷ್ಟೋ ಜನ ಅಷ್ಟೂ ಸುಂಕ ಎಂದು ಗಾಬರಿಯಾದರು. ಅದು ಉಲ್ಲೇಖ ಬೆಲೆ. ಆಮದು ಮಾಲು ಇಳಿಯುವ ಬೆಲೆ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟೇ ಸುಂಕ, ಮೇಲೆ ಹೋದರೆ ಸೊನ್ನೆ. ಪ್ರಪಂಚದ ದರ ಏರಿದಾಗ ತಾನಾಗಿ ಹಿಂದೆ ಸರಿಯುವ ಇಂಥ ಸುಂಕವೇ ಸಣ್ಣ ಬಳಕೆದಾರರಿಗೆ ಹಿತ ಎಂದು ನಾನು ಯಾವ ಸಭೆಯಲ್ಲಾದರೂ ವಾದಿಸುತ್ತೇನೆ.

ವ್ಯಾಪ್ತಿಯ ಮೇಲೂ ಕಣ್ಣಿಡಿ. 600ರಿಂದ 1250 ಎಂಎಂ ಅಗಲದ ಕೋಲ್ಡ್ ರೋಲ್ಡ್ ಸ್ಟೇನ್‌ಲೆಸ್ ಮೇಲೆ ಸುಂಕ ಇದ್ದಾಗ, 1250ಕ್ಕಿಂತ ಸ್ವಲ್ಪ ಅಗಲ ಮಾಡಿ ತರುವುದು ಶುರುವಾಯಿತು. ಸುಂಕ ತಪ್ಪಿಸಲೆಂದೇ ಹೀಗೆ ಮಾಡುತ್ತಿದ್ದಾರೆ ಎಂದು ತನಿಖೆಯಾಗಿ, 2017ರಲ್ಲಿ ಅಗಲದ ಮಾಲಿಗೂ ಸುಂಕ ವಿಸ್ತರಿಸಿದರು. 

ನೀವು ಮಾಡಬೇಕಾದದ್ದು: ತನಿಖೆ ಆರಂಭದ ಪ್ರಕಟಣೆ ಬಂದ 30 ದಿನದೊಳಗೆ ಆಸಕ್ತ ಪಕ್ಷವಾಗಿ ಹೆಸರು ನೋಂದಾಯಿಸಿ. ಒಬ್ಬರೇ ಬೇಡ, ಕಾಸಿಯಾದಂಥ (ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ) ಸಂಘದ ಮೂಲಕ ಹೋಗಿ. ಬಳಕೆದಾರರ ಪ್ರಶ್ನಾವಳಿ ಇರುತ್ತದೆ, ತುಂಬಿ ಕೊಡಿ. ಮೌಖಿಕ ವಿಚಾರಣೆಗೆ ಹಾಜರಾಗಿ, ಅಲ್ಲಿ ಹೇಳಿದ್ದನ್ನು ಲಿಖಿತವಾಗಿಯೂ ಕೊಡಿ. ‘ಕಷ್ಟವಾಗುತ್ತಿದೆ’ ಎಂಬ ಮಾತಿಗೆ ಅಲ್ಲಿ ತೂಕವಿಲ್ಲ. ಒಂದು ಬಾಕ್ಸ್‌ನ ಖರ್ಚಿನಲ್ಲಿ ಶೀಟ್‌ನ ಪಾಲು ಶೇಕಡಾ ಎಷ್ಟು, ಯಾವ ತಿಂಗಳು ಯಾವ ದರಕ್ಕೆ ಕೊಂಡಿರಿ, ಹೊರಗಿನ ಬಾಕ್ಸ್‌ನಿಂದ ಯಾವ ಆರ್ಡರ್ ಕೈತಪ್ಪಿತು, ಇದಿಷ್ಟು ಅಂಕಿಯಲ್ಲಿ ಬೇಕು. ಗಿರಾಕಿಯ ಹೆಸರು, ದರ ಗುಟ್ಟಾಗಿಡಬಹುದು. ಗುಟ್ಟಿನ ಭಾಗ ತೆಗೆದ ಒಂದು ಪ್ರತಿಯನ್ನು ಬೇರೆಯಾಗಿ ಕೊಡಬೇಕು, ಅಷ್ಟೇ.

ಕೊಟೇಶನ್‌ನಲ್ಲಿ ಇನ್ನು ಮುಂದೆ ದರ ಬದಲಾವಣೆಯ ಶರತ್ತು ಬರೆಯದೆ ಸಹಿ ಹಾಕಬೇಡಿ. ಯಾವ ದಿನದ, ಯಾರ ದರಪಟ್ಟಿಯ ಮೇಲೆ ರೇಟ್ ಹಾಕಿದ್ದೀರಿ ಎಂದು ನಮೂದಿಸಿ, ಎಷ್ಟು ಏರಿಳಿತದವರೆಗೆ ನೀವು ಹೊರುತ್ತೀರಿ ಎಂದು ಬರೆಯಿರಿ.

ಪ್ಯಾನೆಲ್ ಬಾಕ್ಸ್, ಪೀಣ್ಯ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಸರ್ ಹೇಳಿದಂತೆ 2024ರ ಏಪ್ರಿಲ್‌ನಿಂದ ಪ್ರತಿ ತಿಂಗಳ ಶೀಟ್ ಖರೀದಿಯನ್ನು ದರ, ಗೇಜ್, ತೂಕ ಸಮೇತ ಬರೆದಿಟ್ಟೆ. ಮೂರು ರಾತ್ರಿ ಹಿಡಿಯಿತು. ಬಾಕ್ಸ್‌ನ ಖರ್ಚಿನಲ್ಲಿ ಶೀಟ್‌ನ ಪಾಲು ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚಿದೆ, ನೂರಕ್ಕೆ 58 ರೂಪಾಯಿ. ಇಷ್ಟು ವರ್ಷ ಅರ್ಧ ಅಂತಲೇ ಲೆಕ್ಕ ಹಿಡಿದಿದ್ದೆ.

ನಮ್ಮ ಬೀದಿಯ ಇನ್ನೂ ಮೂರು ಘಟಕದವರು ಲೆಕ್ಕ ಕೊಡಲು ಒಪ್ಪಿದ್ದಾರೆ. ಒಬ್ಬರು ಕೇಬಲ್ ಟ್ರೇ, ಒಬ್ಬರು ಸ್ಟೀಲ್ ರ‍್ಯಾಕ್, ಇನ್ನೊಬ್ಬರು ನನ್ನ ಹಾಗೆ ಬಾಕ್ಸ್ ಮಾಡುವವರು, ಅಂದರೆ ನನ್ನ ಪೈಪೋಟಿದಾರರೇ. ಇವತ್ತು ಬೆಳಿಗ್ಗೆ ಹೊಸ ಕೊಟೇಶನ್ ಒಂದರಲ್ಲಿ ಶೀಟ್ ದರ 3% ಏರಿಳಿತದವರೆಗೆ ನಮ್ಮದು, ಅದಕ್ಕೆ ಮೇಲ್ಪಟ್ಟದ್ದು ಗಿರಾಕಿಯದು ಅಂತ ಬರೆದೆ. ಅವರು ಎರಡು ಸಲ ಫೋನ್ ಮಾಡಿ ಕೊನೆಗೆ ಒಪ್ಪಿದರು.

ಒಂದು ತೊಡಕು ಬಂದಿದೆ. ಡೀಲರ್ ಬಿಲ್‌ನಲ್ಲಿ ಬರೀ ‘ಸಿಆರ್ ಶೀಟ್’ ಅಂತ ಇರುತ್ತದೆ, ಯಾವ ಕಾರ್ಖಾನೆಯದು ಅಂತ ಇರುವುದಿಲ್ಲ. ನಾನು ಕೊಂಡದ್ದು ದೇಶದ ಮಾಲು ಎಂದು ಹೇಗೆ ತೋರಿಸಲಿ?

ಕಾಸ್ಟ್ ಅಕೌಂಟೆಂಟ್

ಡೀಲರ್ ಹತ್ತಿರ ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್ ಇರುತ್ತದೆ, ಅದರ ಪ್ರತಿ ಕೇಳಿ. ಅದರಲ್ಲಿ ಕಾಯಿಲ್ ನಂಬರ್, ಹೀಟ್ ನಂಬರ್ (ಒಂದೇ ಸಲ ಕರಗಿಸಿದ ಉಕ್ಕಿನ ಗುರುತು) ಎರಡೂ ಇರುತ್ತವೆ. ಕಾಯಿಲ್ ನಂಬರನ್ನು ನಿಮ್ಮ ಬಿಲ್ ಮೇಲೆ ಬರೆಸಿಕೊಂಡು ಅವರ ಸೀಲ್ ಹಾಕಿಸಿ. ಹಳೆಯ ಬಿಲ್‌ಗಳಿಗೆ ಈಗ ಕೊಡದಿದ್ದರೆ ಚಿಂತೆ ಬೇಡ, ಈ ತಿಂಗಳಿನಿಂದ ಶುರು ಮಾಡಿ. ಪೇರಿಸಿಟ್ಟ ಶೀಟ್‌ಗಳ ಮೇಲಿನ ಚೀಟಿ ಕಿತ್ತು ಎಸೆಯುವ ಮೊದಲು ಒಂದು ಫೋಟೋ ತೆಗೆದಿಡಲು ನಿಮ್ಮ ಹುಡುಗರಿಗೆ ಹೇಳಿ.